ಗೋಣು ಚೆಲ್ಲಿದ ರಾತ್ರಿ: ಕಲಬುರಗಿಯ ಐಸಿಯುವಿನಿಂದ ಒಂದು ಪ್ರಕರಣ

ರೋಗಿಗೆ 27 ವರ್ಷ, ಜೇವರ್ಗಿ ತಾಲ್ಲೂಕಿನ ರೈತ. ನರ್ಸ್ ನಾನು, ಪುತ್ತೂರು ಕಡೆಯವಳು. ಮೂರು ತಿಂಗಳ ಕರಾರಿನ ಮೇಲೆ ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯ ಐಸಿಯುಗೆ ಬಂದಿದ್ದೆ. ರೋಗಿ ಬದುಕಿದ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಲೆಕ್ಕ ಕೊಡಬೇಕಾಗಿರುವುದು ಮೂರನೇ ರಾತ್ರಿಯ 40 ನಿಮಿಷಕ್ಕೆ. ಅವನ ತಾಯಿ ಬಂದು ಒಂದು ಮಾತು ಹೇಳಿದಳು, ನನಗೆ ಅರ್ಥವಾಯಿತು ಅಂದುಕೊಂಡೆ, 40 ನಿಮಿಷ ಹಾಗೇ ಕಳೆಯಿತು.

ಗುರುತು ಸಿಗದಿರಲೆಂದು ರೋಗಿಯ ಕೆಲವು ವಿವರ ಬದಲಿಸಿದ್ದೇನೆ. ಮದ್ದು, ಪ್ರಮಾಣ, ಮಾತು ಇದ್ದ ಹಾಗೇ ಇವೆ.

ಬಂದ ಬಗೆ

ಕರಾರಿನ ಮೇಲೆ ಊರೂರು ಸುತ್ತುವ ನನ್ನಂಥವರಿಗೆ ಟ್ರಾವೆಲ್ ನರ್ಸ್ ಎನ್ನುವ ಹೆಸರು ಅಮೆರಿಕದ್ದು. ಅಲ್ಲಿ ಸಾಮಾನ್ಯವಾಗಿ 13 ವಾರಗಳ ಕರಾರು, ವಾರಕ್ಕೆ 12 ಗಂಟೆಯ ಮೂರು ಪಾಳಿ. ಮುಗಿದರೆ ಗಂಟು ಕಟ್ಟಿ ಬೇರೆ ಊರಿಗೆ. ಅಲ್ಲಿನ ಹಲವು ರಾಜ್ಯಗಳು ಒಪ್ಪಂದ ಮಾಡಿಕೊಂಡು ಒಂದೇ ಲೈಸೆನ್ಸಿಗೆ ಎಲ್ಲ ಕಡೆ ಬಾಗಿಲು ತೆರೆದಿವೆ. ನಮ್ಮಲ್ಲಿ ಹೆಸರಿಲ್ಲ, ಕೆಲಸ ಉಂಟು. ಏಜೆನ್ಸಿಯಿಂದ ಫೋನ್ ಬರುತ್ತದೆ: ಇಂಥ ಊರು, ಇಂಥ ಐಸಿಯು, ಹಾಸ್ಟೆಲ್ ಕೊಡುತ್ತಾರೆ, ಸೋಮವಾರ ಹಾಜರಾಗಬೇಕು. ಮಂಗಳೂರಿನಲ್ಲಿ ಆರು ವರ್ಷ ಐಸಿಯು ಮಾಡಿದ ಮೇಲೆ ನಾನು ಈ ದಾರಿ ಹಿಡಿದೆ. ಮೈಸೂರಿನಲ್ಲಿ ಒಂದು ಕರಾರು, ಬೆಂಗಳೂರಿನಲ್ಲಿ ಒಂದು, ಕಲಬುರಗಿ ಮೂರನೆಯದು. ದುಡ್ಡು ಖಾಯಂ ಕೆಲಸಕ್ಕಿಂತ ಹೆಚ್ಚು ಎಂಬುದೇ ಕಾರಣ, ಬೇರೆ ದೊಡ್ಡ ಕಾರಣ ಕಟ್ಟಿ ಹೇಳುವುದಿಲ್ಲ.

ವಿಚಿತ್ರ ಏನೆಂದರೆ, ಕಲಬುರಗಿಯಲ್ಲೇ ನರ್ಸಿಂಗ್ ಕಲಿತ ಹುಡುಗಿಯರು ಹೈದರಾಬಾದಿಗೋ ಬೆಂಗಳೂರಿಗೋ ರೈಲು ಹತ್ತುತ್ತಾರೆ, ಅವರು ಬಿಟ್ಟುಹೋದ ಹಾಸಿಗೆಗಳ ಪಕ್ಕ ನಿಲ್ಲಲು ಪುತ್ತೂರಿನಿಂದ ನಾನು ಬರುತ್ತೇನೆ. ನನ್ನ ಜೊತೆ ಕೇರಳದಿಂದ ಬಂದ ಇಬ್ಬರಿದ್ದರು. ಅವರು ಕರ್ನಾಟಕದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಮತ್ತೆ ನೋಂದಣಿ ಮಾಡಿಸಿಕೊಳ್ಳಬೇಕಾಗಿತ್ತು, ಕಾಗದಪತ್ರಕ್ಕೆ ಅಲೆದಾಡಿದ್ದರು. ನನಗೆ ಆ ರಗಳೆ ಇರಲಿಲ್ಲ. "ನಿಮಗೇನು ಮೇಡಂ, ನಿಮ್ಮದು ಕನ್ನಡವೇ ಅಲ್ವಾ" ಎಂದಿದ್ದಳು ಏಜೆನ್ಸಿಯ ಹುಡುಗಿ. ನಾನೂ ಹಾಗೇ ಅಂದುಕೊಂಡು ರೈಲಿಳಿದೆ.

ಊರೂರು ಸುತ್ತುವ ಐಸಿಯು ನರ್ಸಿಗೆ ಮೊದಲ ದಿನ ಒಂದು ಭಯ ಇರುತ್ತದೆ, ಅದು ಸಂಖ್ಯೆಯ ಭಯ. ವೆಂಟಿಲೇಟರ್ ಕಂಪನಿ ಬೇರೆಯಾದರೂ ಗುಂಡಿಗಳು ಒಂದೇ ಜಾತಿಯವು, ಅರ್ಧ ಗಂಟೆಯಲ್ಲಿ ಕೈಗೆ ಬರುತ್ತವೆ. ಆದರೆ 50 ಎಂಎಲ್ ಸಿರಿಂಜಿನೊಳಗೆ ಯಾವ ಮದ್ದು ಎಷ್ಟು ತುಂಬುತ್ತಾರೆ ಎಂಬುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಲಿನ್ ಒಂದು ಕಡೆ 50 ಎಂಎಲ್‌ಗೆ 4 ಎಂಜಿ, ಇನ್ನೊಂದು ಕಡೆ 8. ಸಿರಿಂಜನ್ನು ನಿಧಾನಕ್ಕೆ ತಳ್ಳುವ ಪಂಪಿನ ಮೇಲೆ "5" ಎಂದು ಓದಿ ಇಲ್ಲಿನದ್ದೇ ಅಲ್ಲಿನದ್ದೂ ಅಂದುಕೊಂಡರೆ ರೋಗಿಗೆ ದುಪ್ಪಟ್ಟು ಹೋಗುತ್ತದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ, ಕೆಲವು ಬಗೆಯ ವಿಷಕ್ಕೆ ಮದ್ದಾದ ಆಟ್ರೋಪಿನ್ ಅನ್ನು ಸಲೈನ್ ಬೆರೆಸಿ ತೆಳುಮಾಡಿ ಹಾಕುತ್ತಿದ್ದರು. ಇಲ್ಲಿ ನೀರು ಬೆರೆಸುವುದೇ ಇಲ್ಲ. 0.6 ಎಂಜಿಯ 50 ಆಂಪೂಲ್ ಒಡೆದು ಸೀದಾ ಸಿರಿಂಜಿಗೆ: 50 ಎಂಎಲ್, 30 ಎಂಜಿ. ಅಷ್ಟು ಆಂಪೂಲ್ ಒಡೆಯುವುದೇ ಒಂದು ಕೆಲಸ. ತೊಗರಿ ಹೂಬಿಡುವ ಕಾಲದಲ್ಲಿ ಇಲ್ಲಿನ ನರ್ಸುಗಳ ಹೆಬ್ಬೆರಳು ನೋಡಬೇಕು, ಗಾಜಿನ ಗೆರೆ ಇಲ್ಲದ ಬೆರಳಿಲ್ಲ. ಮೊದಲ ವಾರವೇ ನಾನು ಇಂಥವನ್ನೆಲ್ಲ ಒಂದು ಪುಟ್ಟ ಡೈರಿಯಲ್ಲಿ ಬರೆದುಕೊಂಡೆ. ಹದಿನಾರು ಮದ್ದು, ಹದಿನಾರು ಸಾಲು. ಆ ಡೈರಿಯಲ್ಲಿ ಮಾತಿಗೆ ಒಂದು ಪುಟವೂ ಇರಲಿಲ್ಲ.

ಮೊದಲ ರಾತ್ರಿ: ಎಣ್ಣಿ ಹೊಡೆದವನು

ರಾತ್ರಿ ಒಂಬತ್ತರ ಹೊತ್ತಿಗೆ ಆಂಬುಲೆನ್ಸ್ ಬಂತು. ಜೇವರ್ಗಿಯಲ್ಲಿ ಪ್ರಥಮ ಚಿಕಿತ್ಸೆ ಮಾಡಿ, ಎರಡು ಮೂರು ಆಂಪೂಲ್ ಆಟ್ರೋಪಿನ್ ಕೊಟ್ಟು, ಭೀಮಾ ಸೇತುವೆ ದಾಟಿಸಿ ಕಳಿಸಿದ್ದರು. ನಾಡಿ 52. ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಬಾಯಿಂದ ಜೊಲ್ಲು, ಮೈಯೆಲ್ಲ ಬೆವರು, ಎದೆಗೆ ಸ್ಟೆತ್ ಇಟ್ಟರೆ ಗುಳುಗುಳು ಸದ್ದು, ತೊಡೆಯ ಸ್ನಾಯುಗಳು ಚರ್ಮದಡಿ ಹುಳ ಹರಿದಂತೆ ಅದುರುತ್ತಿದ್ದವು. ಆಮ್ಲಜನಕ ಶೇ. 88.

ವೈದ್ಯರು ರೋಗಿಯ ಹತ್ತಿರ, ನಾನು ಬಾಗಿಲ ಹತ್ತಿರ ತಾಯಿಯಿಂದ ವಿವರ ಬರೆದುಕೊಳ್ಳುತ್ತಿದ್ದೆ. ಏನಾಯಿತು ಎಂದು ಕೇಳಿದೆ.

"ಮುಂಜಾನಿಂದ ಎಣ್ಣಿ ಹೊಡ್ದಾನ್ರೀ. ಊಟಾನೂ ಮಾಡಿಲ್ಲ. ಸಂಜಿ ಮುಂದ ಕಾರ್ಕೊಂಡು ಬಿದ್ದ."

ನಾನು ಕಾಗದದ ಮೇಲೆ ಬರೆದೆ: ಬೆಳಗಿನಿಂದ ಮದ್ಯ ಸೇವನೆ.

ಅದನ್ನು ನೋಡಿ ಡ್ಯೂಟಿ ಡಾಕ್ಟರಿಗೆ ಅಂಥ ಹೊತ್ತಿನಲ್ಲೂ ನಗು ಬಂತು. ಬೀದರಿನವರು ಅವರು. "ಸಿಸ್ಟರ್, ನಿಮ್ ಕಡಿ ಎಣ್ಣಿ ಬ್ಯಾರೆ, ನಮ್ ಕಡಿ ಎಣ್ಣಿ ಬ್ಯಾರೆ" ಎಂದರು. ಇಲ್ಲಿ ಎಣ್ಣಿ ಎಂದರೆ ಕೀಟನಾಶಕ. ಎಣ್ಣಿ ಹೊಡೆಯುವುದು ಎಂದರೆ ಬೆಳೆಗೆ ಸಿಂಪಡಿಸುವುದು. ನಮ್ಮಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವುದಕ್ಕೆ "ಮದ್ದು ಬಿಡುವುದು" ಅನ್ನುತ್ತೇವೆ, ಅದನ್ನು ಕೇಳಿದರೆ ಇಲ್ಲಿಯವರೂ ಹೀಗೇ ನಕ್ಕಾರು. ಕಾಗದ ಹರಿದು ಬೇರೆ ಬರೆದೆ. ಮರುದಿನ ಅಮ್ಮನಿಗೆ ಫೋನಿನಲ್ಲಿ ಇದನ್ನು ತಮಾಷೆಯಾಗಿ ಹೇಳಿಯೂ ಆಯಿತು. ಅಲ್ಲಿಗೆ ಆ ವಿಷಯ ನನ್ನ ಮಟ್ಟಿಗೆ ಮುಗಿಯಿತು. ಮುಗಿಯಬಾರದಿತ್ತು.

ತಾಯಿ ಹೇಳಿದ ಉಳಿದ ಸಂಗತಿ ಇಷ್ಟು. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಕಲಬುರಗಿ ತೊಗರಿ ಇವರ ಹೊಲದ್ದೂ ಹೌದು. ಹೂವು, ಎಳೆಕಾಯಿ ಬಂದಾಗ ಕಾಯಿ ಕೊರೆಯುವ ಹುಳ ಬೀಳುತ್ತದೆ, ಆಗ ಸಿಂಪಡಿಸಲೇಬೇಕು. ಬೆನ್ನಿಗೆ ಕಟ್ಟುವ ಟ್ಯಾಂಕಿನ ತಳ ಸೋರುತ್ತಿತ್ತು. ಅಂಗಿಯ ಬೆನ್ನು, ಪಂಚೆಯ ನಡು ಬೆಳಗಿನಿಂದ ಒದ್ದೆ. ನಾಜಲ್ ಕಟ್ಟಿಕೊಂಡಾಗ ಎರಡು ಸಲ ಬಾಯಿಂದ ಊದಿ ಬಿಡಿಸಿದ್ದಾನೆ. ಅಣ್ಣ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದ. ಪ್ರೊಫೆನೊಫಾಸ್. ಬಾಟಲಿ ತಂದ ಮನೆಯವರಿಗೆ ನಾವು ಎಷ್ಟು ಋಣಿ ಎಂಬುದು ಅವರಿಗೇ ಗೊತ್ತಿರುವುದಿಲ್ಲ.

ಈ ಜಾತಿಯ ವಿಷ, ಅಂದರೆ ಆರ್ಗನೋಫಾಸ್ಫೇಟ್, ಮೈಯಲ್ಲಿ ನರದ ಸಂದೇಶ ಸಾಗಿಸುವ ಅಸಿಟೈಲ್‌ಕೋಲಿನ್ ಅನ್ನು ಒಡೆದುಹಾಕುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಅಸಿಟೈಲ್‌ಕೋಲಿನ್ ತುಂಬಿ ತುಳುಕುತ್ತದೆ. ಜೊಲ್ಲು, ಕಫ, ಬೆವರು ಎಲ್ಲ ಆ ತುಳುಕಿದ್ದೇ. ಇದಕ್ಕೆ ಆಟ್ರೋಪಿನ್ ಕೊಡುವ ಕ್ರಮ ನರ್ಸಿಂಗಿನಲ್ಲಿ ನನಗೆ ಇಷ್ಟವಾದ ಕೆಲಸಗಳಲ್ಲಿ ಒಂದು. ಕೊಡು, ಐದು ನಿಮಿಷ ಕಾಯಿ, ಸಾಲದಿದ್ದರೆ ದುಪ್ಪಟ್ಟು ಕೊಡು. 1.8 ಎಂಜಿ, ಆಮೇಲೆ 3.6, ಆಮೇಲೆ 7.2. ಎದೆಯ ಗುಳುಗುಳು ನಿಲ್ಲಬೇಕು, ನಾಡಿ 80 ದಾಟಬೇಕು, ರಕ್ತದೊತ್ತಡ ಏರಬೇಕು, ಕಂಕುಳು ಒಣಗಬೇಕು. ನಮ್ಮ ರೋಗಿಗೆ ಮೂರನೇ ಸುತ್ತಿಗೆ ಕಂಕುಳು ಒಣಗಿತು. ಅಲ್ಲಿಯವರೆಗೆ ಕೊಟ್ಟದ್ದರ ಶೇ. 10ರಿಂದ 20ರಷ್ಟನ್ನು ಗಂಟೆಗೊಮ್ಮೆ ಹೋಗುವಂತೆ ಪಂಪಿಗೆ ಹಾಕುವುದು ರೂಢಿ. ನಾವು ಗಂಟೆಗೆ 2 ಎಂಜಿಗೆ ಇಟ್ಟೆವು. ಕಟ್ಟಿಬಿದ್ದ ಕಿಣ್ವವನ್ನು ಬಿಡಿಸಲು ಕೊಡುವ ಪಾಮ್ (ಪ್ರಾಲಿಡಾಕ್ಸಿಮ್) ಕೂಡ ಶುರುವಾಯಿತು. ಅದು ಎಷ್ಟರ ಮಟ್ಟಿಗೆ ಉಪಯೋಗ ಎಂಬ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ, ಆದರೂ ನಮ್ಮ ಆಸ್ಪತ್ರೆಗಳಲ್ಲಿ ಕೊಡುವುದು ಹೆಚ್ಚು. ಬಟ್ಟೆ ತೆಗೆಸಿ, ಸಾಬೂನು ಹಚ್ಚಿ, ತಲೆಗೂದಲು ಸಮೇತ ಮೈ ತೊಳೆಸಿದೆವು. ನಡುವಿನ ಕರಿ ಉಡದಾರ ಕತ್ತರಿಸಲು ಹೋದಾಗ ತಾಯಿ ಬೇಡವೆಂದು ಕೈ ಅಡ್ಡ ತಂದಳು. ಆ ಗಡಿಬಿಡಿಯಲ್ಲಿ ದಾರ ಹಾಗೇ ಉಳಿಯಿತು. ನೆನಪಿರಲಿ, ದಾರ ಮತ್ತೆ ಬರುತ್ತದೆ.

ಮರುದಿನಕ್ಕೆ ಹುಡುಗ ಚೇತರಿಸಿಕೊಂಡ. ಆ ಎರಡನೇ ರಾತ್ರಿ ನನ್ನ ಜೊತೆ ಹರಟೆಯನ್ನೂ ಹೊಡೆದ. "ನೀವು ಪುಸ್ತಕದಾಗ ಬರ್ದಂಗ ಮಾತಾಡ್ತೀರಿ ಸಿಸ್ಟರ್" ಎಂದ. ತುಳು ಮನೆಮಾತಿನವರ ಕನ್ನಡ ಹಾಗೇ, ಶಾಲೆಯಲ್ಲಿ ಕಲಿತದ್ದು. ಆಟ್ರೋಪಿನ್ ಗಂಟೆಗೆ 1 ಎಂಜಿಗಿಂತ ಕೆಳಗೆ ಇಳಿಯಿತು. ಮೂರನೇ ದಿನ ಬೆಳಗಿನ ಸುತ್ತಿನಲ್ಲಿ, ಹೀಗೇ ಇದ್ದರೆ ಎರಡು ದಿನದಲ್ಲಿ ವಾರ್ಡಿಗೆ ಕಳಿಸೋಣ ಎಂದು ದೊಡ್ಡ ಡಾಕ್ಟರು ಹೇಳಿದ್ದರಂತೆ.

ಮೂರನೇ ರಾತ್ರಿ

ಎಂಟಕ್ಕೆ ಪಾಳಿ ಬದಲಾಯಿತು. ನನ್ನ ಪಾಲಿಗೆ ಆ ರಾತ್ರಿ ಮೂವರು. ಒಬ್ಬರು ವೆಂಟಿಲೇಟರ್ ಮೇಲಿದ್ದ ಅಜ್ಜಿ, ಒಬ್ಬರು ಹೃದಯಾಘಾತ ಆದವರು, ಮೂರನೆಯವನು ಇವನು. ವೆಂಟಿಲೇಟರ್ ರೋಗಿಗೆ ಒಬ್ಬಳೇ ನರ್ಸ್ ಎಂಬುದು ಪುಸ್ತಕದ ನಿಯಮ. ಪುಸ್ತಕದಲ್ಲಿ ರಜೆ ಹಾಕುವ ನರ್ಸುಗಳಿರುವುದಿಲ್ಲ. ಹಸ್ತಾಂತರಿಸುವಾಗ ಹಗಲಿನ ಸಿಸ್ಟರ್ ಇವನ ಬಗ್ಗೆ ಹೇಳಿದ್ದು ಒಂದೇ ಸಾಲು: "ಆರಾಮ ಅದಾನ, ಆಟ್ರೋಪಿನ್ ಒಂದರಾಗ ನಡದದ."

ಒಂದು ಎಂದರೆ 1 ಎಂಎಲ್ಲೋ, 1 ಎಂಜಿಯೋ? ಕೇಳಿದೆ. 1 ಎಂಎಲ್, ಅಂದರೆ 0.6 ಎಂಜಿ. ಸಿರಿಂಜಿನ ಚೀಟಿ ನೋಡಿ ಖಾತ್ರಿ ಮಾಡಿಕೊಂಡೆ. ಇದನ್ನು ಇಲ್ಲಿ ಬರೆಯುವುದು ನನ್ನ ಬೆನ್ನು ತಟ್ಟಿಕೊಳ್ಳಲು ಅಲ್ಲ. ಸಂಖ್ಯೆಯ ವಿಷಯದಲ್ಲಿ ಅಷ್ಟು ಎಚ್ಚರವಿದ್ದವಳು ಮೂರೂವರೆ ಗಂಟೆಯ ನಂತರ ಏನು ಮಾಡಿದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಹತ್ತು ಗಂಟೆಗೆ ಚಾರ್ಟ್ ತುಂಬಿದೆ. ನಾಡಿ 96. ಪಾಪೆ 4 ಎಂಎಂ. ಎದೆ ಸ್ವಚ್ಛ. ಕಂಕುಳು ಒಣ. ಕರುಳಿನ ಸದ್ದು ಉಂಟು, ಜ್ವರ ಇಲ್ಲ, ಅಂದರೆ ಆಟ್ರೋಪಿನ್ ಅತಿಯಾಗಿಯೂ ಇಲ್ಲ. ಮಾಸ್ಕಿನಲ್ಲಿ 4 ಲೀಟರ್ ಆಮ್ಲಜನಕ, ಶೇ. 96. ಉಸಿರು ನಿಮಿಷಕ್ಕೆ 20. ಒಂದೊಂದು ಚೌಕದಲ್ಲೂ ಚೆಂದದ ಉತ್ತರ. ರೋಗಿ ಮಾತ್ರ ಮೊದಲಿನ ರಾತ್ರಿಯಂತೆ ಮಾತಾಡಲಿಲ್ಲ. ನಿದ್ದೆ ಇರಬೇಕು ಅಂದುಕೊಂಡೆ.

11:40ಕ್ಕೆ ತಾಯಿ ಬಂದಳು. ರಾತ್ರಿ ಮಲಗುವ ಮುಂಚೆ ಒಮ್ಮೆ ಒಳಗೆ ಬಿಡುವುದು ಅಲ್ಲಿನ ರೂಢಿ. ಮಗನ ಬಾಯಿಗೆ ಚಮಚದಲ್ಲಿ ನೀರು ಹಾಕಲು ಹೋದವಳು ಬಿರಬಿರನೆ ನನ್ನ ಕಡೆ ಬಂದಳು. ನಾನು ಅಜ್ಜಿಯ ಟ್ಯೂಬಿನ ಕಫ ಎಳೆಯುತ್ತಿದ್ದೆ.

"ಸಿಸ್ಟರ್, ನನ್ ಮಗ ಗೋಣ ಚೆಲ್ಯಾನ್ರೀ."

ಗೋಣು ಎಂದರೆ ಕುತ್ತಿಗೆ ಎಂದು ನನಗೆ ಗೊತ್ತು. ಗೋಣು ಚೆಲ್ಲುವುದು ಎಂದರೆ ಸಾಯುವುದು ಎಂಬುದೂ ಗೊತ್ತು, ಕನ್ನಡ ಮೀಡಿಯಮ್ಮಿನಲ್ಲಿ ಓದಿದವಳು, ಕಥೆ ಕಾದಂಬರಿಯಲ್ಲಿ ಎಷ್ಟು ಸಲ ಓದಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಬಂದ ಹೆಂಗಸು "ನನ್ನ ಮಗ ಸತ್ತೇಹೋಗುತ್ತಾನೆ" ಎಂದು ಗೋಳಾಡುತ್ತಿದ್ದಾಳೆ ಎಂದು ನನ್ನ ಕಿವಿ ತೀರ್ಮಾನಿಸಿತು. ತಿರುಗಿ ನೋಡಿದೆ. ಮಾನಿಟರಿನಲ್ಲಿ ಶೇ. 95, ನಾಡಿ 104. "ಹಾಗೆಲ್ಲ ಮಾತಾಡಬಾರದು ಅಮ್ಮ. ನೋಡಿ, ಎಲ್ಲ ಸರಿ ಉಂಟು. ನಿಮ್ಮ ಮಗನಿಗೆ ಏನೂ ಆಗುವುದಿಲ್ಲ. ಹೊರಗೆ ಹೋಗಿ ಮಲಗಿ" ಎಂದೆ. ಒಳ್ಳೆಯ ಮಾತಿನಲ್ಲೇ ಹೇಳಿದೆ, ಹೆಗಲ ಮೇಲೆ ಕೈಯನ್ನೂ ಇಟ್ಟೆ. ಅವಳು ನನ್ನ ಮುಖ, ಮಾನಿಟರು, ಮಗ, ಮೂರನ್ನೂ ಒಂದೊಂದು ಸಲ ನೋಡಿ ಹೊರಗೆ ಹೋದಳು. ಬಿಳಿ ಕೋಟು, ಹಸಿರು ಗೆರೆ ಎರಡೂ ಒಂದೇ ಮಾತು ಹೇಳಿದ ಮೇಲೆ ಅವಳಾದರೂ ಏನು ಮಾಡಿಯಾಳು.

ಅವಳು ಗೋಳಾಡಲಿಲ್ಲ, ವರದಿ ಮಾಡಿದ್ದಳು. ತಲೆ ಎತ್ತಿ ನೀರು ಕುಡಿಸಲು ಹೋದಾಗ ಮಗನ ಕುತ್ತಿಗೆ ನಿಲ್ಲಲಿಲ್ಲ, ಹಿಂದಕ್ಕೆ ಬಿತ್ತು. ಅದನ್ನು ಇದ್ದದ್ದು ಇದ್ದ ಹಾಗೆ ಹೇಳಿದ್ದಳು. ಇಡೀ ರಾತ್ರಿಯಲ್ಲಿ ಆ ಕೋಣೆಯಲ್ಲಿ ಯಾರಾದರೂ ಹೇಳಿದ ಅತ್ಯಂತ ಮುಖ್ಯವಾದ ರೋಗಲಕ್ಷಣ ಅದು.

12:20ಕ್ಕೆ ಆಯಮ್ಮ ಹಾಸಿಗೆ ಸರಿಮಾಡಲು ಹೋದರು. ಇಪ್ಪತ್ತು ವರ್ಷದಿಂದ ಇದೇ ಊರಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವರು. ದಿಂಬು ಬದಲಿಸಲು ತಲೆ ಎತ್ತಿದವರೇ ಕೂಗಿದರು: "ಸಿಸ್ಟರ್, ಬರ್ರಿ ಇಲ್ಲಿ. ಇವರ ಗೋಣ ನಿಂದ್ರವಲ್ದು. ಎಳಿ ಕೂಸಿನ ಗೋಣ ಬಿದ್ದಂಗ ಬೀಳ್ಲಕತ್ತದ."

ಓಡಿದೆ. ದಿಂಬಿನಿಂದ ತಲೆ ಎತ್ತಿ ಎಂದೆ. ಹಣೆಯ ನರ ಉಬ್ಬಿತೇ ಹೊರತು ತಲೆ ಮೇಲೇಳಲಿಲ್ಲ. ಒಂದೇ ಉಸಿರಿನಲ್ಲಿ ಒಂದು, ಎರಡು ಎಣಿಸಿ ಎಂದೆ. ಆರೋಗ್ಯವಂತರು ಮೂವತ್ತು ನಲವತ್ತು ದಾಟುತ್ತಾರೆ. ಇವನು ಏಳಕ್ಕೆ ನಿಂತ. ಹೊಟ್ಟೆ ಒಳಗೆ, ಎದೆ ಹೊರಗೆ, ಉಸಿರು ಅಡ್ಡಾದಿಡ್ಡಿ. ನಿಮಿಷಕ್ಕೆ 32, ಒಂದೂ ಆಳವಾದದ್ದಲ್ಲ. ಆಮ್ಲಜನಕ ಆಗಲೂ ಶೇ. 93.

ರಕ್ತದಲ್ಲಿನ ಅನಿಲ ಅಳೆಯುವ ಎಬಿಜಿ ವರದಿ ಬಂದಾಗ ಪಿಎಚ್ 7.24, ಇಂಗಾಲದ ಡೈಆಕ್ಸೈಡ್ 64. ಇರಬೇಕಾದದ್ದು 35ರಿಂದ 45. ಮಾಸ್ಕಿನ ಆಮ್ಲಜನಕ ಕೊಡುತ್ತಿರುವಾಗ ಉಸಿರು ಸೋತರೂ ಬೆರಳಿನ ಕ್ಲಿಪ್ಪು ಬಹಳ ಹೊತ್ತು ಒಳ್ಳೆಯ ಸುದ್ದಿಯನ್ನೇ ಹೇಳುತ್ತಿರುತ್ತದೆ. ಒಳಗೆ ಹೋಗುವುದನ್ನು ಅದು ಅಳೆಯುತ್ತದೆ, ಹೊರಗೆ ಹೋಗಲಾರದೆ ತುಂಬಿಕೊಳ್ಳುವುದನ್ನು ಅಳೆಯುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಬೇರೆಯವರಿಗೆ ಪಾಠ ಮಾಡಿದ್ದೇನೆ.

12:50ಕ್ಕೆ ಉಸಿರಾಟದ ಟ್ಯೂಬ್ ಹಾಕಿದರು. ಅಲ್ಲಿ ಇನ್ನೊಂದು ಎಡವಟ್ಟು ತಪ್ಪಿತು. ಟ್ಯೂಬ್ ಹಾಕುವ ತಟ್ಟೆಯಲ್ಲಿ ಯಾವಾಗಲೂ ಸ್ನಾಯು ಸಡಿಲಿಸುವ ಸ್ಕೋಲಿನ್ ತುಂಬಿಡುವುದು ಆ ಐಸಿಯುವಿನ ಅಭ್ಯಾಸ. ಸ್ಕೋಲಿನ್ ಅನ್ನು ಒಡೆಯುವ ಕಿಣ್ವವನ್ನೂ ಈ ವಿಷ ಕಟ್ಟಿಹಾಕಿರುತ್ತದೆ, ಹಾಗಾಗಿ ನಿಮಿಷಗಳಲ್ಲಿ ಇಳಿಯಬೇಕಾದ ಮದ್ದು ಗಂಟೆಗಟ್ಟಲೆ ಕೂರಬಹುದು. "ಎಣ್ಣಿ ಪೇಷಂಟಿಗೆ ಸ್ಕೋಲಿನ್ ಬ್ಯಾಡ" ಎಂದು ಡಾಕ್ಟರು ಕೈ ತಡೆದು ಅದರ ಬದಲಿಗೆ ರೋಕ್ಯುರೋನಿಯಂ ಕೇಳಿದರು. ಎಣ್ಣಿ ಎಂಬ ಪದಕ್ಕೆ ಈ ಸಲ ನನಗೆ ಅನುವಾದ ಬೇಕಾಗಲಿಲ್ಲ.

ಏನಾಗಿತ್ತು

ಇದಕ್ಕೆ ಇಂಟರ್‌ಮೀಡಿಯೆಟ್ ಸಿಂಡ್ರೋಮ್ ಎಂದು ಹೆಸರು. ವಿಷದ ಮೊದಲ ಅಬ್ಬರ ಇಳಿದ ಮೇಲೆ, ಸಾಮಾನ್ಯವಾಗಿ 24ರಿಂದ 96 ಗಂಟೆಗಳ ನಡುವೆ ಬರುತ್ತದೆ. ನಮ್ಮ ರೋಗಿ ಸಂಜೆ ಐದಕ್ಕೆ ಬಿದ್ದಿದ್ದ. ತಾಯಿ ನನ್ನ ಹತ್ತಿರ ಬಂದಾಗ ಸುಮಾರು 55 ಗಂಟೆ. ಕುತ್ತಿಗೆಯನ್ನು ಮುಂದಕ್ಕೆ ಬಗ್ಗಿಸುವ ಸ್ನಾಯು ಮೊದಲು ಸೋಲುತ್ತದೆ, ಜೊತೆಗೆ ಹೆಗಲು, ತೊಡೆ, ಆಮೇಲೆ ಉಸಿರಾಟದ ಸ್ನಾಯು. 1974ರಲ್ಲೇ ಪುಣೆಯಲ್ಲಿ ವಾಡಿಯಾ ಮತ್ತು ಸಂಗಡಿಗರು ತಡವಾಗಿ ಸ್ನಾಯು ಸೋಲುವ ಇಂಥ ಸ್ಥಿತಿಯನ್ನು ಎರಡನೇ ಬಗೆಯದೆಂದು ಬೇರೆಯಾಗಿ ಗುರುತಿಸಿದ್ದರು. ಈಗಿನ ಹೆಸರು ಬಂದದ್ದು 1987ರಲ್ಲಿ, ಶ್ರೀಲಂಕಾದ ಸೇನಾನಾಯಕೆ ಮತ್ತು ಕರಳ್ಳಿಯೆದ್ದೆ ಬರೆದ ಲೇಖನದಿಂದ. ಎರಡೂ ನಮ್ಮ ನೆರೆಹೊರೆಯ ವಾರ್ಡುಗಳಲ್ಲಿ ಕಂಡದ್ದು ಎಂಬುದನ್ನು ಗಮನಿಸಬೇಕು. ತೊಗರಿ, ಹತ್ತಿ, ಭತ್ತ ಬೆಳೆಯುವ ಊರಿನ ಕಾಯಿಲೆ ಇದು.

ಚಾರ್ಟ್ ಯಾಕೆ ಅಷ್ಟು ಚೆಂದ ಇತ್ತು ಎಂಬುದಕ್ಕೂ ಕಾರಣ ಉಂಟು. ಆಟ್ರೋಪಿನ್ ಜೊಲ್ಲು, ಕಫ, ಬೆವರು, ನಾಡಿಗಳನ್ನು ಸರಿಮಾಡುತ್ತದೆ. ನರ ಬಂದು ಸ್ನಾಯುವಿಗೆ ಸೇರುವ ಜಾಗದಲ್ಲಿ ಅದು ಏನೂ ಮಾಡುವುದಿಲ್ಲ. ನಮ್ಮ ಚಾರ್ಟಿನ ಚೌಕಗಳೆಲ್ಲ ಆಟ್ರೋಪಿನ್ ಕೆಲಸ ಮಾಡುತ್ತಿದೆಯೇ ಎಂದು ಕೇಳುವ ಚೌಕಗಳು. ಅದು ಕೆಲಸ ಮಾಡುತ್ತಿತ್ತು. ಸ್ನಾಯುವಿನ ಬಗ್ಗೆ ಕೇಳುವ ಚೌಕವೇ ಇರಲಿಲ್ಲ. ಗಂಟೆಗೊಮ್ಮೆ ದಿಂಬಿನಿಂದ ತಲೆ ಎತ್ತಿಸಿ ಐದು ಸೆಕೆಂಡ್ ಹಿಡಿಯುತ್ತಾನೋ ನೋಡಲು ದುಡ್ಡೂ ಬೇಡ, ಯಂತ್ರವೂ ಬೇಡ.

ಉಡದಾರ

ವೆಂಟಿಲೇಟರ್ ಹತ್ತಿಸಿ ಮತ್ತೊಮ್ಮೆ ಮೈ ಒರೆಸುವಾಗ ಆಯಮ್ಮ ಮೂಗು ಹಿಂಡಿದರು. ನಡುವಿನ ದಾರ ಬೆರಳಲ್ಲಿ ಹಿಡಿದು ಮೂಸಿ ನನ್ನ ಮೂಗಿನ ಹತ್ತಿರ ತಂದರು. ಮೂರು ದಿನವಾದರೂ ಎಣ್ಣಿಯ ಆ ಕಟು ವಾಸನೆ. ಸೋರುವ ಟ್ಯಾಂಕಿನಿಂದ ಇಳಿದದ್ದು ಬೆಳಗಿನಿಂದ ಸಂಜೆಯವರೆಗೆ ನಡುವಿನಲ್ಲೇ ನಿಂತಿತ್ತು, ದಾರ ಅದನ್ನು ಕುಡಿದಿತ್ತು. ಕುತ್ತಿಗೆ ಸೋತದ್ದಕ್ಕೆ ದಾರವೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಇದು ಕೊಬ್ಬಿನಲ್ಲಿ ಕರಗುವ ವಿಷ, ಚರ್ಮಕ್ಕೆ ತಾಗಿಕೊಂಡಿರುವಷ್ಟು ಹೊತ್ತೂ ಒಳಗೆ ಹೋಗುತ್ತಿರುತ್ತದೆ. ಇದ್ದದ್ದನ್ನು ಹೊರಗೆ ಹಾಕುತ್ತಿದ್ದೇವೆ ಅಂದುಕೊಂಡು ನಾವು ಒಂದು ಬತ್ತಿಯನ್ನು ಹಾಗೇ ಬಿಟ್ಟಿದ್ದೆವು.

ತಾಯಿ ಕೈ ಅಡ್ಡ ತಂದದ್ದು ಯಾಕೆ ಎಂದು ಮೊದಲ ರಾತ್ರಿ ನಾನು ಕೇಳಲಿಲ್ಲ. ಹಟ ಎಂದು ಬಗೆದು ಬಿಟ್ಟೆ. ಆಯಮ್ಮ ಹೊರಗೆ ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತು ಕೇಳಿದರು. ಉಡದಾರ ಹರಿಯುವುದು ಹೆಣಕ್ಕೆ. ಬದುಕಿರುವ ಗಂಡುಮಗನ ನಡು ಬರಿದು ಇರಬಾರದು. ಅಷ್ಟೇ. ಅದಕ್ಕೆ ಪರಿಹಾರವನ್ನೂ ಅವರೇ ಹೇಳಿದರು: ಮೊದಲು ಹೊಸದು ಕಟ್ಟೋದು, ಆಮೇಲೆ ಹಳೇದು ಕತ್ತರಿಸೋದು, ನಡು ಒಂದು ಗಳಿಗೆಯೂ ಬರಿದಾಗುವುದಿಲ್ಲ. ಬೆಳಗ್ಗೆ ಅಣ್ಣ ಶರಣಬಸವೇಶ್ವರ ಗುಡಿಯ ಕಡೆ ಹೋಗಿ ಹೊಸ ಕರಿದಾರ ತಂದ. ಏಳು ಗಂಟೆಗೆ ಹೊಸದು ಕಟ್ಟಿದೆವು, ಹಳೆಯದನ್ನು ಕೈಗವಸು ಹಾಕಿಕೊಂಡು ಕತ್ತರಿಸಿ ಚೀಲಕ್ಕೆ ಹಾಕಿದೆವು. ಎರಡು ನಿಮಿಷದ ಕೆಲಸ. ಮೊದಲ ರಾತ್ರಿಯೇ ಆಗಬಹುದಾಗಿತ್ತು.

40 ನಿಮಿಷದ ಲೆಕ್ಕ

ಬೆಳಗ್ಗೆ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ನಾನೇ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ಹೊರಗಿನಿಂದ ಬಂದವಳು ಎಂಬ ರಿಯಾಯಿತಿ ಕೊಡಲು ನೋಡಿದರು. ಅದನ್ನು ನಾನು ತೆಗೆದುಕೊಳ್ಳಲು ತಯಾರಿರಲಿಲ್ಲ, ಈಗಲೂ ಇಲ್ಲ. ನಾನು ಎದ್ದು ಹೋಗಿ ರೋಗಿಯನ್ನು ಮುಟ್ಟಿ ನೋಡಬೇಕಿತ್ತು. ತಾಯಿ ಯಾವ ಭಾಷೆಯಲ್ಲಿ ಏನೇ ಹೇಳಿರಲಿ, ರಾತ್ರಿ ಹನ್ನೆರಡಕ್ಕೆ ಕಣ್ಣೀರು ತುಂಬಿ ಓಡಿ ಬಂದಳು ಎಂದರೆ ಹಾಸಿಗೆಯ ಹತ್ತಿರ ಹೋಗಲು ಅಷ್ಟೇ ಸಾಕು. ನಾನು ಹೋಗದೆ ದೂರದಿಂದ ಮಾನಿಟರ್ ನೋಡಿದೆ. ಅಜ್ಜಿಯ ಕಫ ಎಳೆಯುತ್ತಿದ್ದೆ ಎಂಬುದು ನಿಜ, ಆದರೆ ಅದು ಎರಡು ನಿಮಿಷದ ಕೆಲಸ, ಉಳಿದ 38 ನಿಮಿಷಕ್ಕೆ ಅದು ಉತ್ತರವಲ್ಲ.

ಆದರೂ ಪರವೂರಿನವಳಾದದ್ದಕ್ಕೆ ಇದರಲ್ಲಿ ಪಾಲಿಲ್ಲ ಎನ್ನಲಾರೆ. ನನ್ನ ಜೊತೆ ಬಂದ ಕೇರಳದ ಸಿಸ್ಟರಿಗೆ ಕನ್ನಡ ಅರೆಬರೆ. ಅವಳಾಗಿದ್ದರೆ "ಗೋಣ" ಎಂದೊಡನೆ ಕಣ್ಣು ಬಿಟ್ಟು ಆಯಮ್ಮನನ್ನು ಕರೆಯುತ್ತಿದ್ದಳು. ಅವಳಿಗೆ ಗೊತ್ತಿಲ್ಲ ಎಂಬುದು ಅವಳಿಗೆ ಗೊತ್ತು. ನನಗೆ ಪದ ಗೊತ್ತಿತ್ತು, ನುಡಿಗಟ್ಟೂ ಗೊತ್ತಿತ್ತು, ಆ ಗೊತ್ತಿದ್ದದ್ದೇ ಅಡ್ಡ ಬಂತು. ತಾಯಿ ಸಾದಾ ಮಾತು ಆಡಿದ್ದಳು, ನಾನು ಅದರಲ್ಲಿ ಅಲಂಕಾರ ಹುಡುಕಿದೆ.

ಅಂದಿನಿಂದ ಡೈರಿಯಲ್ಲಿ ಮದ್ದಿನ ಪುಟಗಳ ಹಿಂದೆ ಮಾತಿನ ಪುಟಗಳು ಶುರುವಾದವು. ಆಯಮ್ಮನೇ ಮೇಷ್ಟ್ರು. ಚಕ್ಕರ್ ಬರುವುದು ಎಂದರೆ ತಲೆ ತಿರುಗುವುದು. ಬ್ಯಾನಿ ಎಂದರೆ ನೋವು. ಹೊಟ್ಟಿ ಕಡಿಯುವುದು ಎಂದರೆ ಹಿಂಡುವ ನೋವು. ತ್ರಾಸ ಎಂದರೆ ಏನೂ ಆಗಿರಬಹುದು, ಎಲ್ಲಿ ಎಂದು ಕೈಯಿಟ್ಟು ತೋರಿಸಲು ಹೇಳಬೇಕು. ಗಾಬರಿ ಆಗುತ್ತದೆ ಎಂದರೆ ನಾನು ಹೆದರಿಕೆ ಎಂದು ತಿಳಿಯುತ್ತಿದ್ದೆ. ಇಲ್ಲಿ ಎದೆ ಹೊಡೆದುಕೊಂಡರೂ ಗಾಬರಿ, ಉಸಿರು ಕಟ್ಟಿದರೂ ಗಾಬರಿ. ದಖನಿ ಮಾತಾಡುವವರ ಘಬ್ರಾಹಟ್ ಕೂಡ ಹಾಗೇ. ಹೃದಯದ ರೋಗಿ "ಗಾಬ್ರಿ ಆಗ್ಲಕತ್ತದ" ಎಂದರೆ ಧೈರ್ಯ ಹೇಳುತ್ತ ಕೂರಬಾರದು, ಇಸಿಜಿ ತೆಗೆಯಬೇಕು. ಲಂಬಾಣಿ ತಾಂಡಾದಿಂದ ಬಂದವರ ಮಾತಿಗೆ ಮಾತ್ರ ಆಯಮ್ಮನಿಗೂ ಬೇರೆಯವರು ಬೇಕು. ಅದಕ್ಕೆ ಲ್ಯಾಬಿನ ಹುಡುಗ ಇದ್ದ.

ಏಜೆನ್ಸಿಯವರು ಕರಾರಿಗೆ ಮುಂಚೆ ಒಂದು ಪಟ್ಟಿ ಕಳಿಸುತ್ತಾರೆ: ವೆಂಟಿಲೇಟರ್ ಬರುತ್ತದೆಯೇ, ಡಯಾಲಿಸಿಸ್ ಬರುತ್ತದೆಯೇ, ಎಬಿಜಿ ಓದಲು ಬರುತ್ತದೆಯೇ. ನಾನು ಎಲ್ಲದಕ್ಕೂ ಗುರುತು ಹಾಕಿ ಕಳಿಸಿದ್ದೆ. ಸುಳ್ಳೇನೂ ಹೇಳಿರಲಿಲ್ಲ. ಹೊಸ ಊರಿಗೆ ಬಂದ ನರ್ಸಿಗೆ ಆಸ್ಪತ್ರೆಗಳು ಮೊದಲ ದಿನ ಆಕ್ಸಿಜನ್ ಪಾಯಿಂಟು, ಕ್ರ್ಯಾಶ್ ಕಾರ್ಟು, ಬೆರಳಚ್ಚಿನ ಯಂತ್ರ ತೋರಿಸುತ್ತವೆ. ಅರ್ಧ ಗಂಟೆ ಆಯಮ್ಮನ ಜೊತೆ ಕೂರಿಸಬೇಕು ಎಂಬುದು ನನ್ನ ಅಭಿಪ್ರಾಯ. ಆಯಮ್ಮನಿಗೆ ಆ ಅರ್ಧ ಗಂಟೆಗೆ ದುಡ್ಡನ್ನೂ ಕೊಡಬೇಕು.

ಆ ಐಸಿಯುವಿನಲ್ಲಿ ಆದ ಬದಲಾವಣೆ ಒಂದೇ. ಇನ್‌ಚಾರ್ಜ್ ಸಿಸ್ಟರ್ ವಿಷದ ರೋಗಿಗಳ ಚಾರ್ಟಿನಲ್ಲಿ ಕಂಕುಳಿನ ಚೌಕದ ಪಕ್ಕ ಸ್ಕೇಲ್ ಇಟ್ಟು ಪೆನ್ನಿನಲ್ಲಿ ಇನ್ನೊಂದು ಗೆರೆ ಎಳೆದರು. ಮೇಲೆ ಬರೆದದ್ದು ಕನ್ನಡದಲ್ಲಿ: ಗೋಣು. ಝೆರಾಕ್ಸ್ ಮಾಡಿಸುತ್ತ ಮಾಡಿಸುತ್ತ ಗೆರೆ ಸೊಟ್ಟಗಾಗಿದೆ, ಚೌಕ ಮಾತ್ರ ಉಳಿದಿದೆ.

ಆಮೇಲೆ

ಒಂಬತ್ತು ದಿನ ವೆಂಟಿಲೇಟರ್. ಗಂಟಲಿಗೆ ತೂತು ಮಾಡಬೇಕಾಗಬಹುದು ಎಂದು ಏಳನೇ ದಿನ ಮಾತು ಬಂದಿತ್ತು. ಎಂಟನೇ ದಿನ ಬೆಳಗ್ಗೆ ಬಾಯಿಯ ಟ್ಯೂಬ್ ಸಮೇತ ತಲೆ ದಿಂಬಿನಿಂದ ಎರಡು ಬೆರಳಿನಷ್ಟು ಎದ್ದಿತು. ತಾಯಿಯನ್ನು ಒಳಗೆ ಕರೆದೆ. ಇನ್ನೊಮ್ಮೆ ಎತ್ತು ಎಂದೆ, ಎತ್ತಿದ. ಅವಳು ಈ ಸಲ ಮಾನಿಟರ್ ಕಡೆ ನೋಡಲೇ ಇಲ್ಲ.

ಮನೆಗೆ ಕಳಿಸುವಾಗ, ಎರಡು ಮೂರು ವಾರದಲ್ಲಿ ಪಾದ ಜೋಮು ಹಿಡಿದರೆ, ನಡೆಯುವಾಗ ಕಾಲು ಎಳೆದರೆ ಬರಬೇಕು ಎಂದು ಹೇಳಿದೆವು. ಈ ವಿಷ ಕೆಲವರಲ್ಲಿ ತಡವಾಗಿ ನರಕ್ಕೆ ಪೆಟ್ಟು ಕೊಡುವುದುಂಟು. ನಾನು "ಜೋಮು" ಎಂದೆ, ಅವನು ತಲೆಯಾಡಿಸಿದ. ಜೋಮು ಅಂದರೆ ಏನು ಹೇಳಿ ನೋಡೋಣ ಎಂದು ಅವನನ್ನೇ ಕೇಳಿದೆ. "ಇರಿವಿ ಹರದಂಗ ಆಗ್ತದಲ್ರೀ, ಅದು" ಎಂದ. ಸರಿ.

ನಾಲ್ಕು ವಾರಕ್ಕೆ ತೋರಿಸಲು ಬಂದ. ನಡಿಗೆ ಚೆನ್ನಾಗಿತ್ತು, ಜೋಮು ಇರಲಿಲ್ಲ, ಕಸುವು ಮಾತ್ರ ಪೂರ್ತಿ ಬಂದಿಲ್ಲ ಎಂದ. ತೊಗರಿ ಹೇಗಿದೆ ಎಂದು ಕೇಳಿದೆ. ಅಣ್ಣ ನೋಡಿಕೊಳ್ಳುತ್ತಿದ್ದಾನೆ, ಮತ್ತೊಂದು ಸಲ ಎಣ್ಣಿ ಹೊಡೆದಾಯಿತು ಎಂದ. ಯಾವ ಟ್ಯಾಂಕಿನಲ್ಲಿ ಎಂದೆ.

"ಅದೇ ಟ್ಯಾಂಕ್ ರೀ. ಈಗ ಸೋರಂಗಿಲ್ಲ. ಎಂ-ಸೀಲ್ ಹಚ್ಚೀವಿ."